ವಚನ ಬೈಠಕ್: ಶರಣರ ನುಡಿಗೆ ಮೀಸಲಾದ ಕಿರುಸಭೆಯ ಸಂಗೀತ

ಒಬ್ಬ ಶರಣರ ಅಥವಾ ಒಬ್ಬ ಶರಣೆಯ ವಚನಗಳನ್ನೇ ಆಯ್ದುಕೊಂಡು, ಎರಡು ಮೂರು ವಾದ್ಯಗಳ ನೆರವಿನಿಂದ, ಮನೆಯ ಪಡಸಾಲೆಯಲ್ಲೋ ಮಠದ ಒಳಾಂಗಣದಲ್ಲೋ ಮೂವತ್ತು ನಲವತ್ತು ಜನರ ಎದುರಿಗೆ ನಡೆಸುವ ಗಾಯನವನ್ನು ವಚನ ಬೈಠಕ್ ಎಂದು ಕರೆಯಬಹುದು. ಬಸವ ಜಯಂತಿಯ ಬಹಿರಂಗ ಸಭೆಯಲ್ಲಿ ಧ್ವನಿವರ್ಧಕದ ಮೂಲಕ ಸಾವಿರಾರು ಜನರಿಗೆ ಕೇಳಿಸುವ ವಚನ ಗಾಯನಕ್ಕೂ ಇದಕ್ಕೂ ವ್ಯತ್ಯಾಸವಿದೆ. ಅಲ್ಲಿ ಗಾಯನವು ಸಮಾರಂಭದ ಒಂದು ಅಂಗ. ಇಲ್ಲಿ ಗಾಯನವೇ ಸಮಾರಂಭ. ಅಲ್ಲಿ ವಚನವು ಪರಿಚಿತವಾಗಿದ್ದರೆ ಸಾಕು. ಇಲ್ಲಿ ಅದರ ಒಂದೊಂದು ಪದವೂ ಕಿವಿಗೆ ತಲುಪಿ ಮನಸ್ಸಿನಲ್ಲಿ ನಿಲ್ಲಬೇಕು.

ಮಠಮಾನ್ಯಗಳು ಹತ್ತಿರವಿರುವ ಊರುಗಳಲ್ಲಿ ಶಿವಾನುಭವ ಗೋಷ್ಠಿಗಳು ನಿಯತವಾಗಿ ನಡೆಯುತ್ತವೆ. ಆದರೆ ದಕ್ಷಿಣ ಕನ್ನಡ ಜಿಲ್ಲೆಯ ಸುಳ್ಯ ತಾಲೂಕಿನ ಮರ್ಕಂಜದಂತಹ ಗ್ರಾಮಗಳಲ್ಲಿ, ಅಥವಾ ಉದ್ಯೋಗದ ನಿಮಿತ್ತ ದೂರ ನೆಲೆಸಿರುವ ಕನ್ನಡ ಕುಟುಂಬಗಳ ನಡುವೆ, ದೊಡ್ಡ ಸಭೆಯನ್ನು ಕೂಡಿಸುವುದು ಸುಲಭವಲ್ಲ. ಅಂತಹ ಕಡೆಗೆ ಶರಣರ ನುಡಿಯನ್ನು ಒಯ್ಯಬಲ್ಲ ರೂಪವೆಂದರೆ ಬೈಠಕ್. ಅದರ ಹಿನ್ನೆಲೆ, ಅದನ್ನು ಬೆಳೆಸಿದ ಮಹನೀಯರು, ಅದರಲ್ಲಿ ಒದಗಬಹುದಾದ ದೋಷಗಳು ಮತ್ತು ಅದನ್ನು ನಡೆಸುವ ಕ್ರಮವನ್ನು ಸದ್ಭಕ್ತರ ಅವಗಾಹನೆಗಾಗಿ ಈ ಲೇಖನದಲ್ಲಿ ಸಂಗ್ರಹಿಸಲಾಗಿದೆ.

ಕಿರುಸಭೆಯ ಸಂಗೀತ ಎಂದರೇನು

ಉತ್ತರ ಹಿಂದೂಸ್ತಾನದಲ್ಲಿ ಬೈಠಕ್ ಅಥವಾ ಮೆಹಫಿಲ್ ಎಂಬುದು ನೆಲದ ಮೇಲೆ ಕುಳಿತು ಹತ್ತಿರದಿಂದ ಕೇಳುವ ಸಂಗೀತಸಭೆ. ಯುರೋಪಿನಲ್ಲಿ ಇದಕ್ಕೆ ಸಮಾನವಾದುದು ಚೇಂಬರ್ ಸಂಗೀತ. ಚೇಂಬರ್ ಎಂದರೆ ಕೋಣೆ. ದೊಡ್ಡ ವಾದ್ಯವೃಂದವಿಲ್ಲದೆ ಇಬ್ಬರಿಂದ ಎಂಟು ಹತ್ತು ಜನ ವಾದಕರು, ಒಬ್ಬೊಬ್ಬರು ಒಂದೊಂದು ಎಳೆಯನ್ನು ಹಿಡಿದು ನುಡಿಸುವ ಸಂಗೀತಕ್ಕೆ ಆ ಹೆಸರು. ಎರಡು ಪಿಟೀಲು, ಒಂದು ವಿಯೋಲ, ಒಂದು ಚೆಲ್ಲೋ ಕೂಡಿದ ತಂತಿವಾದ್ಯ ಚತುಷ್ಟಯವು ಅದರ ಪ್ರಧಾನ ರೂಪ.

ಈ ಸಂಗೀತಕ್ಕೂ ಕಾವ್ಯಕ್ಕೂ ಹಳೆಯ ನಂಟಿದೆ. ಆಸ್ಟ್ರಿಯಾದ ಫ್ರಾಂಜ್ ಶೂಬರ್ಟ್ 1817ರಲ್ಲಿ ಮತಿಯಾಸ್ ಕ್ಲೌಡಿಯಸ್ ಎಂಬ ಕವಿಯ ಒಂದು ಕವಿತೆಗೆ ಸ್ವರ ಹಾಕಿದರು. ಸಾವು ಮತ್ತು ಒಬ್ಬ ಕನ್ಯೆಯ ನಡುವಿನ ಸಂವಾದ ಅದು. ಏಳು ವರ್ಷಗಳ ನಂತರ, 1824ರಲ್ಲಿ, ಆ ಹಾಡಿನ ಸ್ವರವನ್ನೇ ತೆಗೆದುಕೊಂಡು ತಂತಿವಾದ್ಯ ಚತುಷ್ಟಯವೊಂದರ ಎರಡನೆಯ ಭಾಗವನ್ನು ರಚಿಸಿದರು. ಅಲ್ಲಿ ಮಾತು ಇಲ್ಲ, ಕವಿತೆಯ ಛಾಯೆ ಮಾತ್ರ ಉಳಿದಿದೆ.

ಭಾರತೀಯ ಕವಿಯೊಬ್ಬರ ನುಡಿಯೂ ಹೀಗೆಯೇ ಯುರೋಪಿನ ಸಂಗೀತವನ್ನು ಹೊಕ್ಕಿತು. ರವೀಂದ್ರನಾಥ ಠಾಕೂರರಿಗೆ 1913ರಲ್ಲಿ ನೊಬೆಲ್ ಪ್ರಶಸ್ತಿ ಬಂದ ಮೇಲೆ ಅವರ ಕವಿತೆಗಳು ಅನೇಕ ಭಾಷೆಗಳಿಗೆ ಅನುವಾದಗೊಂಡವು. ಅಲೆಕ್ಸಾಂಡರ್ ಜೆಮ್ಲಿನ್‌ಸ್ಕಿ ಅವರು ಠಾಕೂರರ ‘ದಿ ಗಾರ್ಡನರ್’ ಸಂಕಲನದ ಏಳು ಕವಿತೆಗಳನ್ನು ಜರ್ಮನ್ ಅನುವಾದದಲ್ಲಿ ಆಯ್ದು, 1922–23ರಲ್ಲಿ ಇಬ್ಬರು ಗಾಯಕರು ಮತ್ತು ವಾದ್ಯವೃಂದಕ್ಕಾಗಿ ‘ಲಿರಿಕ್ ಸಿಂಫನಿ’ಯನ್ನು ರಚಿಸಿದರು. ಆಲ್ಬನ್ ಬೆರ್ಗ್ 1926ರಲ್ಲಿ ಪೂರೈಸಿದ ತಮ್ಮ ತಂತಿವಾದ್ಯ ಚತುಷ್ಟಯ ಕೃತಿಗೆ ‘ಲಿರಿಕ್ ಸೂಟ್’ ಎಂದು ಹೆಸರಿಟ್ಟು, ಜೆಮ್ಲಿನ್‌ಸ್ಕಿಯವರಿಗೆ ಅರ್ಪಿಸಿ, ಅವರ ಕೃತಿಯ ಒಂದು ಸ್ವರಪಂಕ್ತಿಯನ್ನು ಅದರೊಳಗೆ ಉದ್ಧರಿಸಿದರು. ಹೀಗೆ ಬಂಗಾಳದ ಕವಿಯ ನುಡಿಯು ಭಾಷೆಯಿಂದ ಭಾಷೆಗೆ, ಹಾಡಿನಿಂದ ವಾದ್ಯಕ್ಕೆ ದಾಟಿ, ಕೊನೆಗೆ ನಾಲ್ಕು ತಂತಿವಾದ್ಯಗಳ ನಾದವಾಗಿ ಕೋಣೆಯೊಳಗೆ ನೆಲೆಸಿತು.

ಆ ಪಯಣವು ಸುಂದರವಾದುದು. ಆದರೆ ವಚನಗಳ ವಿಷಯದಲ್ಲಿ ನಾವು ಅದನ್ನೇ ಮಾದರಿಯಾಗಿ ಹಿಡಿಯಲಾಗದು. ಭಾವದ ಛಾಯೆ ಉಳಿದು ಮಾತು ಕರಗಿದರೆ ಕವಿತೆಗೆ ಹೊಸ ಜನ್ಮ ಬರಬಹುದು, ವಚನಕ್ಕೆ ಹಾಗಲ್ಲ. ವಚನವೆಂಬ ಹೆಸರಿಗೇ ಮಾತು ಎಂಬ ಅರ್ಥವಿದೆ, ಕೊಟ್ಟ ಮಾತು ಎಂಬ ಅರ್ಥವೂ ಇದೆ. ಮಾತು ಕರಗಿದ ಮೇಲೆ ಉಳಿಯುವ ನಾದವು ಎಷ್ಟೇ ಮಧುರವಾಗಿದ್ದರೂ ಅದನ್ನು ವಚನವೆನ್ನಲಾಗದು. ವಚನ ಬೈಠಕ್ಕಿನ ಸಮಸ್ತ ನಿಯಮಗಳೂ ಈ ಒಂದು ಸಂಗತಿಯಿಂದಲೇ ಹುಟ್ಟುತ್ತವೆ.

ವಚನವೂ ಹಾಡೂ

ಹನ್ನೆರಡನೆಯ ಶತಮಾನದ ಕಲ್ಯಾಣವು ಸಂಗೀತಕ್ಕೆ ಅಪರಿಚಿತವಾದ ನಗರವಾಗಿರಲಿಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ ಗೀತ, ವಾದ್ಯ, ನೃತ್ಯಗಳ ವಿಸ್ತಾರವಾದ ನಿರೂಪಣೆಯಿದೆ. ಅದೇ ನೆಲದಲ್ಲಿ ಕೆಲವು ದಶಕಗಳ ನಂತರ ಶರಣರು ನುಡಿದರು. ತಾಳ, ಗತ್ತು, ಛಂದಸ್ಸುಗಳ ಲೆಕ್ಕವನ್ನು ತಾವು ಅರಿಯೆವೆಂದೂ ಒಲಿದಂತೆ ಹಾಡುವೆವೆಂದೂ ಬಸವಣ್ಣನವರು ವಿನಯದಿಂದ ಹೇಳಿಕೊಂಡಿದ್ದಾರೆ. ಅವರೇ ಮತ್ತೊಂದೆಡೆ ತಮ್ಮ ದೇಹವನ್ನೇ ತಂತಿವಾದ್ಯವಾಗಿ ಮಾಡಿ ನುಡಿಸಿಕೊಳ್ಳಬೇಕೆಂದು ಕೂಡಲಸಂಗಮದೇವನಲ್ಲಿ ಬೇಡಿದ್ದಾರೆ. ಈ ಎರಡೂ ನುಡಿಗಳನ್ನು ಜೊತೆಯಲ್ಲಿಟ್ಟು ನೋಡಿದಾಗ ಶರಣರ ನಿಲುವು ತಿಳಿಯುತ್ತದೆ. ಸಂಗೀತವನ್ನು ಅವರು ಅಲ್ಲಗಳೆಯಲಿಲ್ಲ. ಹಾಡುವವನ ಬಾಳು ಬೇರೆ, ಹಾಡು ಬೇರೆ ಎಂಬ ಅಂತರವನ್ನು ಅವರು ಒಪ್ಪಲಿಲ್ಲ.

ರಚನೆಯ ದೃಷ್ಟಿಯಿಂದ ನೋಡಿದರೂ ವಚನವು ಕೀರ್ತನೆಯಂತಲ್ಲ. ದಾಸರ ಕೀರ್ತನೆಗೆ ಪಲ್ಲವಿಯುಂಟು, ಚರಣಗಳುಂಟು. ಪ್ರತಿ ಚರಣದ ಕೊನೆಗೆ ಪಲ್ಲವಿಗೆ ಮರಳುವ ದಾರಿಯನ್ನು ಕವಿಯೇ ಹಾಕಿಕೊಟ್ಟಿರುತ್ತಾನೆ. ಶರಣ ಪರಂಪರೆಯಲ್ಲಿಯೂ ಹಾಡಲೆಂದೇ ಕಟ್ಟಿದ ಸ್ವರವಚನಗಳಿವೆ, ನಿಜಗುಣ ಶಿವಯೋಗಿಗಳ ‘ಕೈವಲ್ಯಪದ್ಧತಿ’ಯಂತಹ ಹಾಡುಗಬ್ಬಗಳಿವೆ, ಸರ್ಪಭೂಷಣ ಶಿವಯೋಗಿಗಳ ಪದಗಳಿವೆ. ಆದರೆ ವಚನವು ಇವುಗಳಿಂದ ಭಿನ್ನ. ಅದು ಸಾಲಿನಿಂದ ಸಾಲಿಗೆ ಮುಂದೆ ನಡೆಯುತ್ತದೆ, ಹಿಂದಿರುಗುವುದಿಲ್ಲ. ಮೊದಲು ಒಂದೆರಡು ದೃಷ್ಟಾಂತಗಳು, ಅನಂತರ ಅವುಗಳಿಗೆ ಒಪ್ಪುವ ಅಥವಾ ಎದುರಾಗುವ ಒಂದು ಪ್ರಶ್ನೆ, ಕೊನೆಗೆ ಅಂಕಿತದೊಡನೆ ಬರುವ ತೀರ್ಪು: ಬಹುಸಂಖ್ಯೆಯ ವಚನಗಳ ನಡಿಗೆ ಹೀಗಿದೆ. ಅಂಕಿತವು ಇಲ್ಲಿ ಕೇವಲ ಕರ್ತೃವಿನ ಗುರುತಲ್ಲ. ಈ ತನಕ ಆಡಿದ ಮಾತನ್ನು ಇಷ್ಟದೈವದ ಸಾಕ್ಷಿಯಲ್ಲಿ ನಿಲ್ಲಿಸುವ ಸ್ಥಾನ ಅದು.

ಆದ್ದರಿಂದ ವಚನಕ್ಕೆ ಸ್ವರ ಹಾಕುವವರು ಒಂದು ಕಠಿಣವಾದ ಆಯ್ಕೆಯನ್ನು ಎದುರಿಸಬೇಕಾಗುತ್ತದೆ. ಮೊದಲ ಸಾಲನ್ನೇ ಪಲ್ಲವಿಯಂತೆ ಮತ್ತೆ ಮತ್ತೆ ಹಾಡಿದರೆ ಕೇಳುಗರ ನೆನಪಿನಲ್ಲಿ ಅದು ಉಳಿಯುತ್ತದೆ. ಆದರೆ ವಚನದ ಮುನ್ನಡೆ ಕುಂಠಿತವಾಗುತ್ತದೆ. ದೃಷ್ಟಾಂತವು ಹತ್ತು ಸಲ ಕೇಳಿ, ತೀರ್ಪು ಒಂದೇ ಸಲ ಕೇಳಿದರೆ ವಚನದ ತೂಕ ತಲೆಕೆಳಗಾಗುತ್ತದೆ. ಮೇರು ಗಾಯಕರು ಈ ತೊಡಕನ್ನು ಬಲ್ಲವರಾಗಿದ್ದರು.

ಗ್ರಂಥದಿಂದ ಕಂಠಕ್ಕೆ

ಇಂದು ನಾವು ವಚನಗಳನ್ನು ಹಾಡುತ್ತಿರುವುದಕ್ಕೆ ಮೊದಲ ಕಾರಣರು ಫ. ಗು. ಹಳಕಟ್ಟಿಯವರು. 1880ರ ಜುಲೈ 2ರಂದು ಧಾರವಾಡದಲ್ಲಿ ಜನಿಸಿದ ಅವರು ವಿಜಯಪುರದಲ್ಲಿ ವಕೀಲರಾಗಿದ್ದರು. ಮನೆಮನೆಗಳಲ್ಲಿ ಪೂಜೆಗೊಳ್ಳುತ್ತಿದ್ದ ತಾಡೋಲೆಗಳನ್ನು ಹುಡುಕಿ, ಓದಿ, ಪರಿಷ್ಕರಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಪ್ರಕಟಿಸಿದರು. ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಲು ತಮ್ಮ ಮನೆಯನ್ನೇ ಮಾರಿದರು. 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು. 1964ರಲ್ಲಿ ಅವರು ಲಿಂಗೈಕ್ಯರಾಗುವ ವೇಳೆಗೆ ವಚನವು ಓಲೆಗರಿಯಿಂದ ಹೊರಬಂದು ಸಾಮಾನ್ಯ ಕನ್ನಡಿಗರ ಕೈಗೆ ತಲುಪಿತ್ತು. ಅದಕ್ಕೂ ಮೊದಲು, 1913ರಲ್ಲಿ, ದಾವಣಗೆರೆಯಲ್ಲಿ ಹರ್ಡೇಕರ ಮಂಜಪ್ಪನವರು ಮೃತ್ಯುಂಜಯ ಅಪ್ಪಗಳೊಡನೆ ಬಸವ ಜಯಂತಿಯ ಸಾರ್ವಜನಿಕ ಆಚರಣೆಗೆ ನಾಂದಿ ಹಾಡಿದ್ದರು. ಪಠ್ಯವೂ ಸಭೆಯೂ ಹೀಗೆ ಸಿದ್ಧವಾದವು. ಇನ್ನು ಬೇಕಾಗಿದ್ದುದು ಕಂಠ.

ಆ ಕಂಠವನ್ನು ಪೋಷಿಸಿದವರು ಹಾನಗಲ್ಲ ಕುಮಾರ ಮಹಾಸ್ವಾಮಿಗಳು. 1909ರಲ್ಲಿ ಬಾದಾಮಿಯ ಸಮೀಪ ಶಿವಯೋಗ ಮಂದಿರವನ್ನು ಸ್ಥಾಪಿಸಿದ ಪೂಜ್ಯರು, ಹುಟ್ಟುಕುರುಡರಾದ ಗದಿಗೆಯ್ಯ ಎಂಬ ಬಾಲಕನನ್ನೂ ಅವನ ಅಣ್ಣ ಗುರುಬಸಯ್ಯನನ್ನೂ ಆಶ್ರಯಕ್ಕೆ ತೆಗೆದುಕೊಂಡು ಸಂಗೀತ ಕಲಿಸಿದರು. ಆ ಗದಿಗೆಯ್ಯನೇ ಮುಂದೆ ಗಾನಯೋಗಿ ಪಂಚಾಕ್ಷರ ಗವಾಯಿಗಳಾದರು (1892–1944). ಕರ್ನಾಟಕ ಮತ್ತು ಹಿಂದೂಸ್ತಾನಿ ಎರಡರಲ್ಲಿಯೂ ಪಾರಂಗತರಾಗಿ ‘ಉಭಯಗಾನ ವಿಶಾರದ’ರೆನಿಸಿದ ಅವರು ಕಿರಾಣಾ ಘರಾಣೆಯ ಉಸ್ತಾದ್ ಅಬ್ದುಲ್ ವಹೀದ್ ಖಾನರಲ್ಲಿಯೂ ನೀಲಕಂಠಬುವಾ ಅವರಲ್ಲಿಯೂ ಕಲಿತರು. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧರು, ಅನಾಥರು, ಬಡವರೆಂಬ ಭೇದವೆಣಿಸದೆ ವಿದ್ಯೆ, ಅನ್ನ, ವಸತಿಗಳನ್ನು ನೀಡಿ ಗಾಯಕರನ್ನು ಬೆಳೆಸಿದರು. ಸಂಗೀತವು ದಾಸೋಹದ ಒಂದು ರೂಪವಾದುದು ಅಲ್ಲಿ. 1944ರಲ್ಲಿ ಅವರ ನಂತರ ಆಶ್ರಮದ ಹೊಣೆ ಹೊತ್ತ ಪುಟ್ಟರಾಜ ಗವಾಯಿಗಳು (1914–2010) ಅದನ್ನು ಆರು ದಶಕಗಳಿಗೂ ಮಿಕ್ಕಿ ನಡೆಸಿದರು. 2010ರಲ್ಲಿ ಅವರಿಗೆ ಪದ್ಮಭೂಷಣ ಪ್ರಶಸ್ತಿ ಸಂದಿತು.

ಪಂಚಾಕ್ಷರ ಗವಾಯಿಗಳ ಶಿಷ್ಯರಾದ ಬಸವರಾಜ ರಾಜಗುರುಗಳು ಮತ್ತು ಸಿದ್ಧರಾಮ ಜಂಬಲದಿನ್ನಿಯವರು ವಚನಗಳನ್ನು ನಾಡಿನ ಮೂಲೆಮೂಲೆಗೆ ಒಯ್ದರು. ಪುಟ್ಟರಾಜ ಗವಾಯಿಗಳ ಬಳಿ ಹನ್ನೆರಡು ವರ್ಷ ಕಲಿತ ವೆಂಕಟೇಶ ಕುಮಾರರು, 2016ರಲ್ಲಿ ಪದ್ಮಶ್ರೀ ಪುರಸ್ಕೃತರು, ಇಂದಿಗೂ ರಾಗಸಂಗೀತದ ಕಛೇರಿಗಳಲ್ಲಿ ವಚನಗಳಿಗೂ ದಾಸರ ಪದಗಳಿಗೂ ಸ್ಥಾನವಿತ್ತಿದ್ದಾರೆ.

ಧಾರವಾಡದ ಕೊಡುಗೆ

ಧಾರವಾಡದ ಸಮೀಪದ ಮನಸೂರು ಗ್ರಾಮದಲ್ಲಿ 1910ರ ಡಿಸೆಂಬರ್ 31ರಂದು ಜನಿಸಿದ ಮಲ್ಲಿಕಾರ್ಜುನ ಮನಸೂರರ ಹೆಸರು ಹೇಳದೆ ವಚನ ಗಾಯನದ ಚರಿತ್ರೆ ಪೂರ್ಣವಾಗದು. ಮಿರಜದಲ್ಲಿ ನೀಲಕಂಠಬುವಾ ಅವರಿಂದ ಗ್ವಾಲಿಯರ್ ಪದ್ಧತಿಯನ್ನು ಕಲಿತ ಅವರು, ಬಳಿಕ ಜೈಪುರ-ಅತ್ರೌಲಿ ಘರಾಣೆಯ ಮಂಜೀಖಾನರ ಶಿಷ್ಯರಾದರು. 1937ರಲ್ಲಿ ಗುರುಗಳು ಅಕಾಲದಲ್ಲಿ ತೀರಿಕೊಂಡ ಮೇಲೆ ಅವರ ಸೋದರ ಬುರ್ಜೀಖಾನರಲ್ಲಿ ಅಭ್ಯಾಸ ಮುಂದುವರಿಸಿದರು. ಧಾರವಾಡದ ಮುರುಘಾಮಠದ ಮೃತ್ಯುಂಜಯ ಸ್ವಾಮಿಗಳಲ್ಲಿ ಅವರಿಗೆ ಅಪಾರವಾದ ಶ್ರದ್ಧೆಯಿತ್ತು; ತಮ್ಮ ಮನೆಗೂ ‘ಮೃತ್ಯುಂಜಯ’ ಎಂದೇ ಹೆಸರಿಟ್ಟಿದ್ದರು. 1950ರ ಜನವರಿ 8ರಂದು ಆರಂಭವಾದ ಧಾರವಾಡ ಆಕಾಶವಾಣಿಗೆ ಅವರು ಸಂಗೀತ ಸಲಹೆಗಾರರಾಗಿದ್ದರು. 1992ರಲ್ಲಿ ಪದ್ಮವಿಭೂಷಣ ಪ್ರಶಸ್ತಿ ಪಡೆದು ಅದೇ ವರ್ಷ ಸೆಪ್ಟೆಂಬರ್ 12ರಂದು ಲಿಂಗೈಕ್ಯರಾದರು.

ಮನಸೂರರ ವಚನ ಗಾಯನದ ವೈಶಿಷ್ಟ್ಯವನ್ನು ಧ್ವನಿಮುದ್ರಿಕೆಗಳಲ್ಲಿ ಇಂದಿಗೂ ಗಮನಿಸಬಹುದು. ಅಪರೂಪದ ರಾಗಗಳನ್ನೂ ಜೋಡುರಾಗಗಳನ್ನೂ ನಿರಾಯಾಸವಾಗಿ ಹಾಡುತ್ತಿದ್ದ ಆ ಮಹಾಗಾಯಕರು ವಚನವನ್ನು ಹಾಡುವಾಗ ತಮ್ಮ ವಿದ್ಯೆಯನ್ನು ಹಿಡಿದಿಟ್ಟುಕೊಳ್ಳುತ್ತಾರೆ. ತಾನುಗಳು ಬಂದರೂ ಪದಕ್ಕೆ ಅಡ್ಡಬರುವುದಿಲ್ಲ. ಸಾಲು ಮುಗಿದಲ್ಲಿ ಉಸಿರು ನಿಲ್ಲುತ್ತದೆ. ಅರ್ಥ ಮುಗಿಯದ ಕಡೆ ನಿಲ್ಲುವುದಿಲ್ಲ. ಒಂದು ಸಾಲನ್ನು ಮರಳಿ ಹಾಡಿದರೂ ಪ್ರತಿ ಸಲ ಅದರ ಬೇರೊಂದು ಪದಕ್ಕೆ ಒತ್ತು ಬೀಳುತ್ತದೆ.

ಈ ಪರಂಪರೆಯಲ್ಲಿ ನಾವು ಮರೆಯಬಾರದ ಇನ್ನೊಂದು ಸಂಗತಿಯಿದೆ. ಅಬ್ದುಲ್ ವಹೀದ್ ಖಾನರ ವಿದ್ಯೆ ಗದುಗಿನ ಆಶ್ರಮಕ್ಕೆ ಬಂದಿತು. ಮಂಜೀಖಾನ, ಬುರ್ಜೀಖಾನರ ವಿದ್ಯೆ ಧಾರವಾಡಕ್ಕೆ ಬಂದಿತು. ಬಸವಣ್ಣನವರ, ಅಕ್ಕಮಹಾದೇವಿಯವರ ನುಡಿಗಳನ್ನು ಇಂದು ನಾವು ಯಾವ ರಾಗಗಳ ಮೂಲಕ ಕೇಳುತ್ತೇವೆಯೋ ಅವುಗಳನ್ನು ಧಾರೆಯೆರೆದವರಲ್ಲಿ ಮುಸ್ಲಿಂ ಉಸ್ತಾದರೂ ಇದ್ದಾರೆ. ಅವರು ಕೊಟ್ಟರು, ನಮ್ಮವರು ಶಿಷ್ಯಭಾವದಿಂದ ಪಡೆದರು. ಕುಲವನ್ನು ಕೇಳದ ಶರಣಧರ್ಮಕ್ಕೆ ಇದು ಒಪ್ಪುವ ಗುರುಪರಂಪರೆಯೇ ಆಗಿದೆ.

ಒಬ್ಬರ ನುಡಿಗೇ ಮೀಸಲಾದ ಸಭೆ

ಸಾಮಾನ್ಯವಾಗಿ ವಚನವು ರಾಗಸಂಗೀತದ ಕಛೇರಿಯ ಕೊನೆಯ ಭಾಗದಲ್ಲಿ ಬರುತ್ತದೆ. ಒಂದು ಸಭೆಯನ್ನೇ ಒಬ್ಬ ಕವಿಗೆ ಅಥವಾ ಒಂದು ಕಾವ್ಯಧಾರೆಗೆ ಮೀಸಲಿಡುವುದು ಬೇರೆ ಬಗೆಯ ಸಾಹಸ. ಅದಕ್ಕೆ ದಾರಿ ತೋರಿದವರಲ್ಲಿ ಪ್ರಮುಖರು ಕುಮಾರ ಗಂಧರ್ವರು. ಬೆಳಗಾವಿ ಜಿಲ್ಲೆಯ ಸುಳೇಭಾವಿಯಲ್ಲಿ 1924ರ ಏಪ್ರಿಲ್ 8ರಂದು ಜನಿಸಿದ ಶಿವಪುತ್ರ ಸಿದ್ಧರಾಮಯ್ಯ ಕೊಂಕಾಳಿಮಠರೇ ಬಾಲ್ಯದಲ್ಲಿಯೇ ಕುಮಾರ ಗಂಧರ್ವರೆಂದು ಪ್ರಸಿದ್ಧರಾದವರು. ಕ್ಷಯರೋಗಕ್ಕೆ ತುತ್ತಾಗಿ ಮಧ್ಯಪ್ರದೇಶದ ದೇವಾಸದಲ್ಲಿ ನೆಲೆಸಿದ ಅವರು, ಚೇತರಿಸಿಕೊಂಡ ಮೇಲೆ ಕಬೀರರ ನಿರ್ಗುಣ ಪದಗಳಿಗೆ ಹೊಸ ಕಂಠ ನೀಡಿದರು. ಕಬೀರ, ಸೂರದಾಸ, ಮೀರಾಬಾಯಿ ಮೂವರ ಪದಗಳನ್ನು ಹೆಣೆದ ‘ತ್ರಿವೇಣಿ’, ತುಕಾರಾಮರ ಅಭಂಗಗಳಿಗೆ ಮೀಸಲಾದ ಕಾರ್ಯಕ್ರಮ, ತುಳಸೀದಾಸರ ಪದಗಳದೇ ಒಂದು ಕಾರ್ಯಕ್ರಮ: ಹೀಗೆ ಕವಿಯನ್ನೇ ಕೇಂದ್ರದಲ್ಲಿಟ್ಟ ಗಾಯನಸಭೆಗಳನ್ನು ಅವರು ರೂಪಿಸಿದರು. ಹಾಡುಗಳ ಆಯ್ಕೆಯೂ ಕ್ರಮವೂ ಅಲ್ಲಿ ಒಂದು ವ್ಯಾಖ್ಯಾನದಂತೆ ಕೆಲಸಮಾಡುತ್ತಿತ್ತು. ಯಾವ ಪದದ ನಂತರ ಯಾವ ಪದ ಬಂದಿತು ಎಂಬುದರಿಂದಲೇ ಕವಿಯ ಅಂತರಂಗ ತೆರೆಯುತ್ತಿತ್ತು.

ವಚನಗಳಿಗೆ ಇಂತಹ ಕ್ರಮವನ್ನು ಹೊಸದಾಗಿ ಹುಡುಕಬೇಕಾದ ಅಗತ್ಯವೇ ಇಲ್ಲ. ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಎಂಬ ಷಟ್‌ಸ್ಥಲಗಳಿಗೆ ಅನುಸಾರವಾಗಿ ವಚನಗಳನ್ನು ಜೋಡಿಸುವ ಪದ್ಧತಿ ನಮ್ಮ ಸಂಕಲನಕಾರರಲ್ಲಿ ಬಹುಕಾಲದಿಂದ ಇದೆ. ಒಂದೊಂದು ಸ್ಥಲದಿಂದ ಒಂದೆರಡು ವಚನಗಳನ್ನು ಆಯ್ದರೆ, ಒಂದೂವರೆ ಗಂಟೆಯ ಬೈಠಕ್ಕಿಗೆ ಬೇಕಾದ ಎಂಟು ಹತ್ತು ವಚನಗಳು ದೊರೆಯುತ್ತವೆ; ಜೊತೆಗೆ ಸಾಧಕನ ಏರುಗತಿಯೂ ಕೇಳುಗರಿಗೆ ಗೋಚರವಾಗುತ್ತದೆ. ಅಕ್ಕಮಹಾದೇವಿಯವರನ್ನು ಕುರಿತ ಸಭೆಯಾದರೆ ಉಡುತಡಿ, ಕಲ್ಯಾಣ, ಶ್ರೀಶೈಲದ ಕದಳಿ ಎಂಬ ಮೂರು ನೆಲೆಗಳನ್ನೇ ಸಭೆಯ ಮೂರು ಭಾಗಗಳನ್ನಾಗಿ ಮಾಡಬಹುದು.

ಮಾತು ಕೆಡುವ ಬಗೆ

ಸಂಗೀತವು ವಚನವನ್ನು ಉಳಿಸಿದೆ. ಅದೇ ಸಂಗೀತವು ಅದನ್ನು ಮರೆಸಲೂ ಬಲ್ಲದು. ಇದನ್ನು ಸಂಕೋಚವಿಲ್ಲದೆ ಒಪ್ಪಿಕೊಳ್ಳುವುದು ಒಳಿತು. ದೋಷಗಳು ಮುಖ್ಯವಾಗಿ ನಾಲ್ಕು.

ಮೊದಲನೆಯದು ಉಚ್ಚಾರಣೆಯ ದೋಷ. ಕನ್ನಡದಲ್ಲಿ ಹ್ರಸ್ವ ದೀರ್ಘಗಳು ಅರ್ಥವನ್ನೇ ಬದಲಿಸುತ್ತವೆ. ರಾಗದ ಎಳೆತಕ್ಕೆ ಸಿಕ್ಕು ‘ತನು’ ಎಂಬುದು ‘ತಾನು’ ಆದರೆ ದೇಹವು ಅಹಂಕಾರವಾಗುತ್ತದೆ. ‘ಮನ’ವು ‘ಮಾನ’ವಾದರೆ ಮನಸ್ಸಿನ ಮಾತು ಮರ್ಯಾದೆಯ ಮಾತಾಗುತ್ತದೆ. ‘ಅರಿಯೆ’ ಎಂದರೆ ತಿಳಿಯದು, ‘ಅರಿವೆ’ ಎಂದರೆ ತಿಳಿಯಬಲ್ಲೆ. ಒಂದೇ ವ್ಯಂಜನದಲ್ಲಿ ವಿನಯವು ಜಂಬವಾಗಿಬಿಡುತ್ತದೆ. ಎಳೆಯುವುದಿದ್ದರೆ ದೀರ್ಘ ಸ್ವರವನ್ನು ಎಳೆಯಬೇಕು, ಇಲ್ಲವೇ ಸಾಲಿನ ಕೊನೆಯ ಸ್ವರವನ್ನು ಎಳೆಯಬೇಕು.

ಎರಡನೆಯದು ಉಸಿರಿನ ದೋಷ. ಹಳೆಯ ಕನ್ನಡದ ನಿಷೇಧರೂಪಗಳು ಕ್ರಿಯಾಪದದ ಒಳಗೇ ಅಡಗಿರುತ್ತವೆ. ತಾಳದ ಆವರ್ತ ಮುಗಿಯಿತೆಂದು ಪದದ ನಡುವೆ ಉಸಿರೆಳೆದರೆ ‘ಇಲ್ಲ’ ಎಂಬುದು ಕೇಳಿಸದೆ ‘ಉಂಟು’ ಎಂಬುದಷ್ಟೇ ಉಳಿದೀತು. ತಾಳವನ್ನು ವಚನಕ್ಕೆ ಹೊಂದಿಸಬೇಕಲ್ಲದೆ ವಚನವನ್ನು ತಾಳಕ್ಕೆ ತುಂಡರಿಸಬಾರದು. ಆರು ಮಾತ್ರೆಯ ದಾದ್ರಾ, ಎಂಟು ಮಾತ್ರೆಯ ಕೆಹರವಾ ಮೊದಲಾದ ಚಿಕ್ಕ ತಾಳಗಳು ವಚನಕ್ಕೆ ಹೆಚ್ಚಾಗಿ ಒಗ್ಗುವುದು ಈ ಕಾರಣದಿಂದಲೇ. ಅವುಗಳಲ್ಲಿ ಸಾಲಿನ ಉದ್ದ ಹೆಚ್ಚುಕಡಿಮೆಯಾದರೂ ಒಂದು ಆವರ್ತವನ್ನು ಸೇರಿಸಿ ಸರಿದೂಗಿಸಬಹುದು.

ಮೂರನೆಯದು ಅಂಕಿತವನ್ನು ಅವಸರದಲ್ಲಿ ಮುಗಿಸುವುದು. ವಚನದ ಸಾಕ್ಷಿಯೇ ಅಂಕಿತವೆಂದು ಮೇಲೆ ಹೇಳಲಾಯಿತು. ಅದನ್ನು ಸ್ಪಷ್ಟವಾಗಿ, ಪೂರ್ಣವಾಗಿ ಹಾಡಿ ಕ್ಷಣಕಾಲ ಮೌನವಾಗಿರುವುದು ಉಚಿತ.

ನಾಲ್ಕನೆಯದು ಎಲ್ಲಕ್ಕಿಂತ ಗಂಭೀರವಾದುದು: ಆಯ್ಕೆಯ ದೋಷ. ಕೇಳಲು ಇಂಪಾದ, ಭಕ್ತಿಯ ಆರ್ದ್ರತೆಯುಳ್ಳ ವಚನಗಳು ಮತ್ತೆ ಮತ್ತೆ ಹಾಡಲ್ಪಡುತ್ತವೆ. ಜಾತಿಯ ಹೆಮ್ಮೆಯನ್ನು ಚುಚ್ಚುವ, ಡಾಂಭಿಕ ಪೂಜೆಯನ್ನು ಪ್ರಶ್ನಿಸುವ, ದುಡಿಯದೆ ಉಣ್ಣುವವನನ್ನು ತಡೆದು ನಿಲ್ಲಿಸುವ ವಚನಗಳು ಭಾಷಣಗಳಲ್ಲಿ ಕೇಳಿಬಂದರೂ ಹಾಡಿನಲ್ಲಿ ವಿರಳ. ಮಾದಾರ ಚೆನ್ನಯ್ಯ, ಅಂಬಿಗರ ಚೌಡಯ್ಯ, ಆಯ್ದಕ್ಕಿ ಲಕ್ಕಮ್ಮ, ನುಲಿಯ ಚಂದಯ್ಯ ಮೊದಲಾದ ಕಾಯಕಜೀವಿಗಳ ವಚನಗಳಿಗೆ ಸಂಗೀತಸಭೆಯಲ್ಲಿ ದೊರೆತ ಸ್ಥಾನ ಅತ್ಯಲ್ಪ. ಹೀಗೆಯೇ ಮುಂದುವರಿದರೆ, ಹಾಡಿನಿಂದಲೇ ವಚನಗಳನ್ನು ಅರಿಯುವ ಮುಂದಿನ ಪೀಳಿಗೆಗೆ ಶರಣರು ಕೇವಲ ಭಕ್ತಿಗೀತೆಯ ಕವಿಗಳಾಗಿ ಕಾಣುವ ಅಪಾಯವಿದೆ. ಕಲ್ಯಾಣದಲ್ಲಿ ಆ ನುಡಿಗಳಿಗಾಗಿ ಶರಣರು ತೆತ್ತ ಬೆಲೆಯು ಮರೆತುಹೋಗಬಾರದು.

ಸುಳ್ಯ ಸೀಮೆಯಿಂದ ಕಲಿಯಬಹುದಾದುದು

ಈ ದೋಷಗಳಿಗೆ ಪರಿಹಾರವನ್ನು ಹುಡುಕುವಾಗ ಕರಾವಳಿಯ ಒಂದು ಕಲೆಯು ನೆನಪಿಗೆ ಬರುತ್ತದೆ. ಮರ್ಕಂಜ ಗ್ರಾಮವಿರುವ ಸುಳ್ಯ ಸೀಮೆಯು ತುಳು, ಅರೆಭಾಷೆ, ಕನ್ನಡಗಳು ಒಟ್ಟಿಗೆ ಬಾಳುವ ಮಲೆಯ ನಾಡು. ಅಮರಸುಳ್ಯವು ಒಂದು ಕಾಲದಲ್ಲಿ ಕೊಡಗಿನ ಹಾಲೇರಿ ಅರಸರ ಆಳ್ವಿಕೆಗೆ ಒಳಪಟ್ಟಿತ್ತು. ಆ ರಾಜಮನೆತನವು ಲಿಂಗಾಯತ ಮನೆತನ. 1834ರಲ್ಲಿ ಬ್ರಿಟಿಷರು ಕೊಡಗನ್ನು ವಶಪಡಿಸಿಕೊಂಡ ಮೇಲೆ ಅಮರಸುಳ್ಯವು ಕೆನರಾ ಜಿಲ್ಲೆಗೆ ಸೇರಿತು. 1837ರಲ್ಲಿ ಅಲ್ಲಿಂದಲೇ ಬ್ರಿಟಿಷರ ವಿರುದ್ಧ ಪ್ರಸಿದ್ಧವಾದ ದಂಗೆ ಎದ್ದಿತು. ಇಂದು ಆ ಭಾಗದಲ್ಲಿ ಲಿಂಗಾಯತ ಕುಟುಂಬಗಳ ಸಂಖ್ಯೆ ಕಡಿಮೆಯಾದರೂ ನೆಲದ ನೆನಪು ಹಳೆಯದು.

ಪುತ್ತೂರು, ಸುಳ್ಯ, ಕಾಸರಗೋಡುಗಳ ಮನೆಗಳಲ್ಲಿಯೂ ದೇವಾಲಯಗಳಲ್ಲಿಯೂ ತಾಳಮದ್ದಳೆ ನಡೆಯುತ್ತದೆ. ವೇಷವಿಲ್ಲ, ಕುಣಿತವಿಲ್ಲ, ಭಾಗವತರು ಪ್ರಸಂಗದ ಪದ್ಯವನ್ನು ಹಾಡುತ್ತಾರೆ, ಚೆಂಡೆ ಮದ್ದಳೆಗಳು ಜೊತೆ ನೀಡುತ್ತವೆ, ಅರ್ಥಧಾರಿಗಳು ಆ ಪದ್ಯದ ಅರ್ಥವನ್ನು ಅಲ್ಲಿಯೇ ಮಾತಿನಲ್ಲಿ ಬೆಳೆಸುತ್ತಾರೆ. ಅಡಕೆಯ ತೋಟದ ಕೆಲಸ ಮುಗಿಸಿ ಬಂದವರು ಜಗಲಿಯಲ್ಲಿ ಕುಳಿತು ಗಂಟೆಗಟ್ಟಲೆ ಕೇಳುತ್ತಾರೆ. ಯುರೋಪಿನವರು ಕೋಣೆಯ ಸಂಗೀತವೆಂದು ಯಾವುದನ್ನು ಕರೆಯುತ್ತಾರೆಯೋ ಅದಕ್ಕೆ ನಮ್ಮ ನಾಡಿನ ಈ ಕಲೆಯು ಎಷ್ಟೋ ಹತ್ತಿರವಾದುದು. ಆದರೆ ಇಲ್ಲಿ ಹಾಡಿನ ನಂತರ ಮಾತು ಕರಗುವುದಿಲ್ಲ, ಹಿಗ್ಗುತ್ತದೆ. ಹಾಡು ಬಾಗಿಲನ್ನು ತೆರೆಯುತ್ತದೆ, ಅರ್ಥವು ಒಳಗೆ ಕರೆದೊಯ್ಯುತ್ತದೆ.

ವಚನ ಬೈಠಕ್ಕಿಗೆ ಇದು ಅನುಕರಣೀಯ. ಶಿವಾನುಭವ ಗೋಷ್ಠಿಯಲ್ಲಿ ಅನುಭಾವದ ಮಾತೂ ಸಂಗೀತವೂ ಬೇರೆ ಬೇರೆ ವೇಳೆಗೆ ಹಂಚಿಹೋಗುತ್ತವೆ. ಅದರ ಬದಲು, ಹಾಡುವ ಮೊದಲು ಒಬ್ಬರು ವಚನವನ್ನು ಯಾವ ರಾಗವೂ ಇಲ್ಲದೆ ಸ್ಪಷ್ಟವಾಗಿ ಓದಬೇಕು, ಗಾಯಕರು ಹಾಡಬೇಕು, ಬಳಿಕ ಎರಡು ಮೂರು ನಿಮಿಷಗಳಲ್ಲಿ ಕಠಿಣ ಪದಗಳ ಅರ್ಥವನ್ನೂ ಸಂದರ್ಭವನ್ನೂ ತಿಳಿಸಬೇಕು. ಅನ್ಯಭಾಷೆಯ ನೆರೆಹೊರೆಯವರು ಬಂದಿದ್ದರೆ ಅವರ ಭಾಷೆಯಲ್ಲಿಯೇ ಸಾರವನ್ನು ಹೇಳಬಹುದು.

ಬೈಠಕ್ ನಡೆಸುವ ಕ್ರಮ

ಸ್ಥಳವು ಪ್ರತಿಧ್ವನಿಯಿಲ್ಲದ ಕೋಣೆಯಾಗಿರಲಿ. ಬರಿಗೋಡೆಯ ದೊಡ್ಡ ಸಭಾಭವನದಲ್ಲಿ ಒಂದು ಅಕ್ಷರದ ನಾದವು ಮುಂದಿನ ಅಕ್ಷರದ ಮೇಲೆ ಬಿದ್ದು ವ್ಯಂಜನಗಳು ಅಸ್ಪಷ್ಟವಾಗುತ್ತವೆ. ಚಾಪೆ, ಜಮಖಾನೆ ಹಾಸಿದ ಪಡಸಾಲೆಯಲ್ಲಿ ಅವು ಬಿಡಿಬಿಡಿಯಾಗಿ ಕೇಳಿಸುತ್ತವೆ. ನಲವತ್ತು ಜನರ ಸಭೆಗೆ ಧ್ವನಿವರ್ಧಕದ ಅಗತ್ಯವಿಲ್ಲ.

ವಾದ್ಯಗಳು ತಂಬೂರಿ, ಹಾರ್ಮೋನಿಯಂ, ತಬಲಾ ಇಷ್ಟಿದ್ದರೆ ಸಾಕು. ಸಾರಂಗಿ ಅಥವಾ ಪಿಟೀಲು ದೊರೆತರೆ ಹಾರ್ಮೋನಿಯಂ ಬದಲಿಗೆ ಅದನ್ನು ಬಳಸಬಹುದು. ತಬಲಾ ಮಾತಿಗಿಂತ ಮೇಲೇರಬಾರದು. ತಂಬೂರಿ ಮಾತ್ರ ಇಟ್ಟುಕೊಂಡು, ತಾಳವಿಲ್ಲದೆ ಒಂದು ವಚನವನ್ನಾದರೂ ಹಾಡುವುದು ಅಪೇಕ್ಷಣೀಯ. ಅದರಿಂದ ವಚನದ ಸಹಜವಾದ ಗತಿ ಕೇಳುಗರಿಗೆ ತಿಳಿಯುತ್ತದೆ.

ಆಯ್ಕೆಯಲ್ಲಿ ಮೂರರಲ್ಲಿ ಒಂದು ಪಾಲಾದರೂ ಹಿಂದೆ ಹೆಚ್ಚಾಗಿ ಹಾಡದ ವಚನಗಳಿರಲಿ. ಪಠ್ಯವನ್ನು ಧ್ವನಿಮುದ್ರಿಕೆಯಿಂದ ಬರೆದುಕೊಳ್ಳದೆ ಪರಿಷ್ಕೃತ ಸಂಪುಟದಿಂದಲೇ ತೆಗೆದುಕೊಳ್ಳಬೇಕು. ಕೇಳಿ ಬರೆದ ಪಾಠದಲ್ಲಿ ಒಬ್ಬ ಗಾಯಕರ ಸ್ಖಲನವು ಎಲ್ಲರ ಸ್ಖಲನವಾಗುತ್ತದೆ. ಆಯ್ದ ವಚನಗಳನ್ನು ದೊಡ್ಡ ಅಕ್ಷರಗಳಲ್ಲಿ ಮುದ್ರಿಸಿ ಬಂದವರ ಕೈಗೆ ಕೊಡಬೇಕು. ಮಕ್ಕಳಿಗೆ ಒಂದು ವಚನವನ್ನು ಮೊದಲೇ ಕಲಿಸಿ ಅವರಿಂದ ಓದಿಸಿದರೆ ಮನೆಯವರೆಲ್ಲರೂ ಸಭೆಯಲ್ಲಿ ಪಾಲ್ಗೊಂಡಂತಾಗುತ್ತದೆ.

ವಚನ ಮುಗಿದ ಕೂಡಲೆ ಚಪ್ಪಾಳೆ ಬೇಡ. ತೀರ್ಪಿನ ಮಾತು ಕಿವಿಯಲ್ಲಿ ನಿಂತಿರುವಾಗಲೇ ಚಪ್ಪಾಳೆ ಬಿದ್ದರೆ ಅದು ಗಾಯಕರಿಗೆ ಸಲ್ಲುತ್ತದೆ, ವಚನವು ಹಾಗೆಯೇ ಜಾರಿಹೋಗುತ್ತದೆ. ಸಭೆಯ ಕೊನೆಗೆ ಕಲಾವಿದರನ್ನು ಮನಸಾರೆ ಗೌರವಿಸಿ, ಅವರ ಶ್ರಮಕ್ಕೆ ತಕ್ಕ ಸಂಭಾವನೆಯನ್ನು ನೀಡಬೇಕು. ಹಾಡುವುದು ಅವರ ಕಾಯಕ. ಕಾಯಕಕ್ಕೆ ಪ್ರತಿಫಲ ಕೊಡದೆ ಭಕ್ತಿಯ ಹೆಸರಿನಲ್ಲಿ ಪಡೆಯುವುದು ಶರಣಮಾರ್ಗವಲ್ಲ. ಬಳಿಕ ಎಲ್ಲರೂ ಒಟ್ಟಿಗೆ ಕುಳಿತು ಪ್ರಸಾದ ಸ್ವೀಕರಿಸಬೇಕು.

ಕೇಳುವವರ ಹೊಣೆ

ಸಾವಿರ ಜನರ ನಡುವೆ ಕುಳಿತಾಗ ವಚನದ ಚುಚ್ಚುಮಾತು ಪಕ್ಕದವನಿಗೆ ಹೇಳಿದ್ದೆಂದು ಭಾವಿಸಿ ಸುಮ್ಮನಿರಬಹುದು. ಮೂವತ್ತು ಜನರ ಕೋಣೆಯಲ್ಲಿ ಹಾಗೆ ಅಡಗಿಕೊಳ್ಳಲು ಸ್ಥಳವಿಲ್ಲ. ಗಾಯಕರ ಕಣ್ಣು ನಮ್ಮ ಕಣ್ಣಿಗೆ ತಾಗುವಷ್ಟು ಹತ್ತಿರದಲ್ಲಿ, ದುಡಿದು ಉಣ್ಣುವ, ಕುಲವನ್ನು ಕೇಳದಿರುವ, ನುಡಿದಂತೆ ನಡೆಯುವ ಮಾತು ಬಂದಾಗ ಅದು ನೇರವಾಗಿ ನಮ್ಮನ್ನೇ ಕೇಳುತ್ತದೆ. ಅನುಭವ ಮಂಟಪದಲ್ಲಿ ವಚನಗಳು ಹುಟ್ಟಿದ್ದು ಇಂತಹ ಎದುರುಬದುರಿನ ಸನ್ನಿವೇಶದಲ್ಲಿಯೇ; ಅಲ್ಲಿ ಒಬ್ಬರ ನುಡಿಗೆ ಇನ್ನೊಬ್ಬರು ಉತ್ತರಿಸಬೇಕಾಗಿತ್ತು. 2024ರ ಜನವರಿಯಲ್ಲಿ ಕರ್ನಾಟಕ ಸರ್ಕಾರವು ಬಸವ���್ಣನವರನ್ನು ನಾಡಿನ ಸಾಂಸ್ಕೃತಿಕ ನಾಯಕರೆಂದು ಘೋಷಿಸಿತು. ಆ ಗೌರವವು ಕಚೇರಿಗಳ ಗೋಡೆಯ ಮೇಲಿನ ಭಾವಚಿತ್ರದಲ್ಲಿ ಮಾತ್ರ ಉಳಿಯದೆ ಮನೆಯ ಪಡಸಾಲೆಗೂ ಬರಬೇಕಾದರೆ, ತಿಂಗಳಿಗೊಮ್ಮೆಯಾದರೂ ಅಲ್ಲಿ ವಚನವು ಕೇಳಿಸಬೇಕು.

ಆದ್ದರಿಂದ ಬೈಠಕ್ಕಿಗೆ ಬಂದ ಪ್ರತಿಯೊಬ್ಬರೂ ಅಂದು ಕೇಳಿದ ವಚನಗಳಲ್ಲಿ ಒಂದನ್ನು ಮನೆಗೆ ಒಯ್ದು, ಮುಂದಿನ ಸಭೆಯ ತನಕ ದಿನವೂ ಇಷ್ಟಲಿಂಗ ಪೂಜೆಯ ಬಳಿಕ ಒಮ್ಮೆ ಓದಿಕೊಳ್ಳಬೇಕೆಂದು ಬಿನ್ನಹ. ಮುಂದಿನ ಸಭೆಯ ಆರಂಭದಲ್ಲಿ, ಹಾಡು ಶುರುವಾಗುವ ಮುನ್ನ, ಆ ವಚನದಿಂದ ತಮ್ಮ ನಡೆಯಲ್ಲಿ ಏನು ಬದಲಾಯಿತು, ಏನು ಬದಲಾಗಲಿಲ್ಲ ಎಂಬುದನ್ನು ಇಬ್ಬರು ಮೂವರು ಹೇಳಲಿ. ತಂಬೂರಿಯ ಶ್ರುತಿ ಸೇರಿಸಲು ಹಿಡಿಯುವಷ್ಟು ಹೊತ್ತು ಅದಕ್ಕೆ ಸಾಕು.